ತಿಗರಿ ಇಲ್ದ ಕೈಲೇ ಮಡಕಿ ಮಾಡೋದು: ನನ್ನ ಅನುಭವ

ಕುಂಬಾರಿಕಿ ಕಲೀಬೇಕಂದ್ರ ಎಲ್ರೂ ಮೊದಲ ತಿಗರಿ, ಅಂದ್ರ ಕುಂಬಾರರ ಚಕ್ರ, ಎಲ್ಲಿ ಸಿಗ್ತದ ಅಂತ ಕೇಳ್ತಾರ. ತಿಗರಿ ಆಮ್ಯಾಲ ನೋಡ್ರಿ. ನಾ ಕಲ್ತಿದ್ದು ಕಲಬುರಗಿಯೊಳಗ ನಮ್ಮನಿ ಅಂಗಳದಾಗ ಕುಂತು, ಬರೇ ಕೈಲೇ. ಮಣ್ಣೆತ್ತಿನ ಅಮಾಸಿಗೆ ಎತ್ತು ಮಾಡಿದವರಿಗಿ ಮಣ್ಣಿನ ಹದ ಆಗ್ಲೇ ಸ್ವಲ್ಪ ಗೊತ್ತಿರ್ತದ.

ಮಣ್ಣಿಂದೇ ದೊಡ್ಡ ವಿಷಯ. ನಮ್ಮ ಕಡಿ ಎರಿಮಣ್ಣು ನೀರು ಕುಡಿದ್ರ ಉಬ್ತದ, ಒಣಗಿದ್ರ ಕುಗ್ಗಿ ಬಿರೀತದ, ಬರೇ ಅದರಲೇ ಮಾಡಿದ ಮಡಕಿ ಒಣಗೋ ಮುಂದನೇ ಸೀಳ್ತದ. ಅದಕ್ಕ ಕೆರಿ ಮಣ್ಣು ತಂದು ಒಣಗಿಸಿ, ಕುಟ್ಟಿ, ಬಕೇಟಿನ್ಯಾಗ ನೆನಿಹಾಕಿ, ಬಟ್ಟಿಲೆ ಸೋಸಿ, ನಾಲ್ಕು ಪಾಲಿಗೆ ಒಂದು ಪಾಲು ಸಣ್ಣ ಉಸುಕು ಕೂಡಸ್ತೀನಿ. ಉಸುಕು ಕುಗ್ಗಂಗಿಲ್ಲ, ಒಳಗಿನ ನೀರಿಗಿ ಹೊರಗ ಬರ್ಲಕ ದಾರಿನೂ ಬಿಡ್ತದ. ಸೋಸೋದು ಬ್ಯಾಸರ ಅಂತ ಬಿಡಬ್ಯಾಡ್ರಿ, ಈ ಮಣ್ಣಿನ್ಯಾಗ ಸುಣ್ಣದ ಹರಳು ಇರ್ತಾವ, ಸುಟ್ಟ ಮ್ಯಾಲ ಅವು ಗಾಳ್ಯಾಗಿನ ತೇವ ಹೀರಿ ಉಬ್ಬಿ ಮಡಕಿ ಮೈಯಿಂದ ಚಕ್ಕಿ ಎಬ್ಬಿಸ್ತಾವ. ಆಮ್ಯಾಲ ಜ್ವಾಳದ ಹಿಟ್ಟು ನಾದಿದಂಗ ಅಂಗೈಲೆ ಒತ್ತಿ ಒತ್ತಿ ನಾದಬೇಕು, ಗಾಳಿ ಎಲ್ಲಾ ಹೋಗಬೇಕು. ಸಣ್ಣ ಹುರಿ ಹೊಸೆದು ಬೆರಳಿಗಿ ಸುತ್ರಿ, ಸೀಳಲಿಲ್ಲಂದ್ರ ಹದ ಬಂದದ.

ಮೊದಲ ಒಂದು ಉಂಡಿ ತಗೊಂಡು ನಟ್ಟನಡುವ ಹೆಬ್ಬಟ್ಟು ಇಳಿಸ್ರಿ, ತಳ ತೂತು ಬೀಳದಂಗ ಬೆರಳು ದಪ್ಪ ಬಿಟ್ಟು, ತಿರುಗಿಸ್ಕೊಂತ ತಿರುಗಿಸ್ಕೊಂತ ಗ್ವಾಡಿ ಚಿವುಟ್ಕೊಂತ ಮ್ಯಾಲ ಬರ್ರಿ, ದೀಪ, ಸಣ್ಣ ಬಟ್ಟಲಕ್ಕ ಇಷ್ಟೇ ಸಾಕು. ಎತ್ತರದ್ದು ಬೇಕಂದ್ರ ಹುರಿ ಹೊಸೆದು ಒಂದರ ಮ್ಯಾಲ ಒಂದು ಸುತ್ತಬೇಕು. ಇಲ್ಲಿ ಬರೇ ನೀರು ಸವರಿದ್ರ ಒಣಗಿದ ಮ್ಯಾಲ ಹುರಿ ಬಿಟ್ಕೋತದ, ಕಡ್ಡಿಲೆ ಗೀರು ಹಾಕಿ, ಅದೇ ಮಣ್ಣಿನ ರಾಡಿ ಹಚ್ಚಿ, ಒಳಗಿಂದ ಬೆರಳಲೆ ಎಳೆದು ಬೆಸೀರಿ. ಚೌಕ ಡಬ್ಬಿ, ತಟ್ಟಿ ಅಂದ್ರ ಲಟ್ಟಣಿಗಿಲೆ ಲಟ್ಟಿಸಿ ಕೊಯ್ದು ಜೋಡ್ಸೋದು.

ಒಣಗಿಸೋದ್ರಾಗ ಅವಸರ ನಡ್ಯಂಗಿಲ್ಲ. ನಮ್ಮಲ್ಲಿ ಬ್ಯಾಸಗ್ಯಾಗ 40 ಡಿಗ್ರಿ ದಾಟ್ತದ, ಅಂಚು ಜಲ್ದಿ ಒಣಗಿ ತಳ ಹಸೀನೇ ಇದ್ರ ಎರಡೂ ಒಂದೇ ಸಮ ಕುಗ್ಗಂಗಿಲ್ಲ, ಅಲ್ಲೇ ಸೀಳು. ನೆರಳಾಗ ಬೋರಲು ಹಾಕಿ ಹಸಿ ಗೋಣಿಚೀಲ ಮುಚ್ರಿ.

ಸುಡ್ಲಕ ನಾ ಕುಂಬಾರ ಕಾಕಾನ ಆವಿಗಿಗೆ, ಅಂದ್ರ ಮಡಕಿ ಸುಡೋ ಭಟ್ಟಿಗಿ, ಕೊಡ್ತೀನಿ. ಸುಮಾರು 600 ಡಿಗ್ರಿ ದಾಟಿದ ಮ್ಯಾಲ ಮಣ್ಣು ತಿರುಗಿ ನೀರಾಗ ಕರಗಂಗಿಲ್ಲ, ಒಳಗ ಕಬ್ಬಿಣದಂಶ ಇರೋದಕ್ಕ ಗಾಳಿ ಚಲೋ ಆಡಿದ್ರ ಕೆಂಪಾಗ್ತದ. ಕೊಡೋಕಿಂತ ಮೊದಲ ಗಲ್ಲಕ್ಕ ಹಚ್ಚಿ ನೋಡ್ರಿ, ತಂಪು ಹತ್ತಿದ್ರ ಒಳಗ ಇನ್ನೂ ಹಸಿ ಅದ, ಅಂಥಾದು ಆವಿಗ್ಯಾಗ ಉಗಿ ತುಂಬಿ ಒಡೀತದ, ಬಾಜೂಕಿಂದೂ ಒಡೀತದ.