ಕಂಟ್ರೋಲರ್ ಒಳಗೊಂದು ಗೂಡುದೀಪ

ಅಕ್ಕನ ಮಗನಿಗೆ ದಸರಾ ರಜೆಯಲ್ಲಿ ಒಂದೇ ಹಠ, ಅವನ ಗೇಮ್ ಕಂಟ್ರೋಲರ್ ಒಳಗೆ ನೀಲಿ ಲೈಟ್ ಬರ್ಬೇಕು ಅಂತ. ಮಂಗಳೂರಿನ ಕುದ್ರೋಳಿ ದೇವಸ್ಥಾನದ ದಸರಾ ಲೈಟಿಂಗ್ ನೋಡಿ ಬಂದ ಮರುದಿನವೇ ಶುರು, "ಮಾಮ, ಒಟ್ಟು ಎಷ್ಟು ಲೈಟ್ ಹಾಕ್ಲಿಕ್ಕೆ ಆಗ್ತದೆ?" ಎರಡು ಸಾಕು ಮಾರಾಯ ಅಂದೆ. ಅವನ ಮುಖ ಸಣ್ಣ ಆಯ್ತು. ಆದ್ರೆ ನೀವೇ ಹೇಳಿ, ಗೂಡುದೀಪದಲ್ಲಿ ಬಲ್ಬು ಕಾಣ್ತದಾ? ಕಾಗದ ಮಾತ್ರ ಬೆಳಗುದು. ಇಲ್ಲಿಯೂ ಹಾಗೇ, ಎಲ್ಇಡಿ ಕಣ್ಣಿಗೆ ಕುಕ್ಕಬಾರ್ದು, ಹೆಬ್ಬೆರಳಲ್ಲಿ ತಿರುಗಿಸುವ ಎರಡು ಅನಲಾಗ್ ಸ್ಟಿಕ್ ಉಂಟಲ್ಲ, ಅದರ ಸುತ್ತ ಇರುವ ಸಂದಿಯಿಂದ ಬೆಳಕು ಮಾತ್ರ ಸಣ್ಣಕೆ ಹೊರಗೆ ಬಂದ್ರೆ ಸಾಕು.

ಮೊದಲ ಸಲ ಮಾಡುವವರು ವಯರ್ ಇರುವ ಯುಎಸ್‌ಬಿ ಕಂಟ್ರೋಲರನ್ನೇ ತಕೊಳ್ಳಿ, ಅದೂ ಹಳೇದು, ವಾರಂಟಿ ಮುಗಿದದ್ದು. ಅದರಲ್ಲಿ ಕಂಪ್ಯೂಟರಿನಿಂದ 5 ವೋಲ್ಟ್ ಸೀದಾ ಬರ್ತದೆ, ತಲೆಬಿಸಿ ಇಲ್ಲ. ಎಕ್ಸ್‌ಬಾಕ್ಸ್ 360ರ ವಯರ್‌ಲೆಸ್ ಕಂಟ್ರೋಲರ್ ಥರ ಎರಡು ಎಎ ಸೆಲ್ಲಿನದ್ದಾದ್ರೆ ಹೊಸ ಸೆಲ್ಲಿಗೆ 3 ವೋಲ್ಟ್, ರೀಚಾರ್ಜೆಬಲ್ ಹಾಕಿದ್ರೆ ಬರೀ 2.4, ನೀಲಿ ಎಲ್ಇಡಿಗೆ ಹತ್ತತ್ರ 3 ವೋಲ್ಟ್ ಬೇಕು, ಹಾಗಾಗಿ ಸೆಲ್ಲಿನಿಂದ ಸೀದಾ ಕೊಟ್ರೆ ಅದು ಮಿಣುಮಿಣು ಅಂತ ಬೆಳಗಿದ್ರೆ ನಿಮ್ಮ ಪುಣ್ಯ. ಮತ್ತೆ ಅದರ ಸ್ಕ್ರೂ ಕೂಡ ಮಾಮೂಲಿ ಅಲ್ಲ, ಟಿ8 ಸೆಕ್ಯುರಿಟಿ ಟಾರ್ಕ್ಸ್ ಅಂತ ನಕ್ಷತ್ರದ ಆಕಾರದ್ದು, ನಡುವೆ ತೂತು ಇರುವ ಬಿಟ್ ಬೇಕಾಗ್ತದೆ. ಡ್ಯುಯಲ್‌ಶಾಕ್ 4ರಲ್ಲಿ (ಪ್ಲೇಸ್ಟೇಷನ್ 4ರ ಕಂಟ್ರೋಲರ್) ಹಿಂದೆ ನಾಲ್ಕೇ ಪ್ಲಸ್ ಸ್ಕ್ರೂ ಅಂತ ಖುಷಿ ಪಡ್ಬೇಡಿ, ಒಳಗೆ ತೆಳ್ಳಗಿನ ರಿಬ್ಬನ್ ಕೇಬಲ್ ಉಂಟು, ಲಿಥಿಯಂ ಬ್ಯಾಟರಿ ಉಂಟು, ಮೇಲಾಗಿ ಅದರಲ್ಲಿ ಲೈಟ್ ಬಾರ್ ಮೊದಲೇ ಉಂಟು.

ತರ್ಬೇಕಾದ ಸಾಮಾನು ಹೆಚ್ಚೇನಿಲ್ಲ. 3 ಎಂಎಂ ನೀಲಿ ಎಲ್ಇಡಿ ನಾಲ್ಕು (ಎರಡು ಹಾಳು ಮಾಡ್ಲಿಕ್ಕೆ), ಕಾಲು ವಾಟ್‌ನ ರೆಸಿಸ್ಟರ್ (ಎಲ್ಇಡಿಗೆ ಹೋಗುವ ಕರೆಂಟ್ ಕಮ್ಮಿ ಮಾಡ್ಲಿಕ್ಕೆ), ತೆಳು ವಯರ್, ಸ್ಲೀವ್ (ವಯರಿಗೆ ತೊಡಿಸುವ ಪ್ಲಾಸ್ಟಿಕ್ ಕೊಳವೆ), 25 ವಾಟ್‌ನ ಸೋಲ್ಡರಿಂಗ್ ಐರನ್, ಲೆಡ್ (ಅಂದ್ರೆ ಬೆಸುಗೆಯ ಸೋಲ್ಡರ್ ತಂತಿ), ವೋಲ್ಟ್ ಅಳೆಯುವ ಮಲ್ಟಿಮೀಟರ್. ನಾನು ಹಂಪನಕಟ್ಟೆಗೆ ಹೋದವ ಎಲ್ಲ ಒಟ್ಟಿಗೆ ತಂದೆ. ನೀಲಿ ಎಲ್ಇಡಿ ಈಗ ಬಿಡಿಕಾಸಿಗೆ ಸಿಗ್ತದೆ, ಆದ್ರೆ ಅದನ್ನು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ಫಿಸಿಕ್ಸ್ ನೊಬೆಲ್ ಕೊಟ್ಟಿದ್ದಾರೆ ಗೊತ್ತುಂಟಾ, ಕೆಂಪು ಹಸಿರು ಬಂದು ಎಷ್ಟೋ ವರ್ಷ ಆದ್ರೂ ಈ ನೀಲಿ ಯಾರ ಕೈಗೂ ಸರಿಯಾಗಿ ಸಿಕ್ಕಿರ್ಲಿಲ್ಲ.

ರೆಸಿಸ್ಟರ್ ಲೆಕ್ಕ ಅಂಗಡಿ ಲೆಕ್ಕಕ್ಕಿಂತ ಸುಲಭ. ಬರುದು 5 ವೋಲ್ಟ್, ಎಲ್ಇಡಿ ತಿನ್ನುದು 3, ಉಳಿಯುದು 2. 10 ಮಿಲಿಆಂಪ್ ಬೇಕಾದ್ರೆ 200 ಓಮ್, ಅಂಗಡಿಯಲ್ಲಿ ಸಿಗುದು 220, ಅದರ ಮೇಲೆ ಕೆಂಪು ಕೆಂಪು ಕಂದು ಪಟ್ಟಿ ಇರ್ತದೆ. ಪುಸ್ತಕದ ಪ್ರಕಾರ ಇದು ಸರಿ. ನಾನು ಹಾಕಿದ್ದು ಮಾತ್ರ 1 ಕಿಲೋಓಮ್, ಕಂದು ಕಪ್ಪು ಕೆಂಪು, 2 ಮಿಲಿಆಂಪ್ ಅಷ್ಟೇ ಹೋಗ್ತದೆ, ಕತ್ತಲೆ ರೂಮಿಗೆ ಅದು ಧಾರಾಳ. ಎರಡು ಎಲ್ಇಡಿಗೆ ಎರಡು ಬೇರೆ ಬೇರೆ ರೆಸಿಸ್ಟರ್ ಹಾಕಿ, ಒಂದನ್ನೇ ಪಾಲು ಮಾಡ್ಲಿಕ್ಕೆ ಹೋದ್ರೆ ಒಂದು ಜೋರು ಒಂದು ಮಂದ ಆಗ್ತದೆ. ನಾನು ಚಾ ಕುಡಿದು ಬರುವಷ್ಟರಲ್ಲಿ ನಮ್ಮ ಹುಡುಗ ರೆಸಿಸ್ಟರ್ ಇಲ್ಲದೆ ಒಂದನ್ನು 5 ವೋಲ್ಟಿಗೆ ಹಿಡಿದು ನೋಡಿದ್ದ. ಪಳ್ ಅಂತ ಒಮ್ಮೆ ಬೆಳಗಿತು, ಮತ್ತೆ ಇಲ್ಲ. ರೂಮಿಡೀ ಸುಟ್ಟ ವಾಸನೆ.

ಈಗ ಬಿಚ್ಚುವ ಕೆಲಸ. ಯುಎಸ್‌ಬಿ ತೆಗೆದಿಡಿ. ಬಿಚ್ಚುವ ಮೊದಲು, ಬಿಚ್ಚಿದ ಮೇಲೆ, ಪ್ರತಿ ಹಂತಕ್ಕೂ ಮೊಬೈಲಲ್ಲಿ ಒಂದು ಫೋಟೋ. ಎಲ್ಲ ಸ್ಕ್ರೂ ತೆಗೆದ ಮೇಲೂ ಬಾಯಿ ಬಿಡದಿದ್ರೆ ಜೋರು ಮಾಡ್ಬೇಡಿ, ಹಿಂದಿನ ಸ್ಟಿಕ್ಕರ್ ಅಡಿಯಲ್ಲಿ ಇನ್ನೊಂದು ಅಡಗಿ ಕೂತಿರ್ತದೆ, ಬೆರಳಲ್ಲಿ ಒತ್ತಿದ್ರೆ ಗುಳಿ ಗೊತ್ತಾಗ್ತದೆ. ಬಟನ್ ಇರುವ ಬದಿ ಕೆಳಗೆ ಮಾಡಿ, ಮೆಲ್ಲ ಎತ್ತಿ, ಯಾಕಂದ್ರೆ ಟ್ರಿಗರ್ ಸ್ಪ್ರಿಂಗ್ ಹಾರಿದ್ರೆ ಹೋಯ್ತು, ನಮ್ಮದು ಗೋದ್ರೇಜ್ ಅಡಿಗೆ ಹೋಗಿ ಅರ್ಧ ಗಂಟೆ ಹುಡುಕಿದ್ದೇವೆ.

ಯುಎಸ್‌ಬಿ ವಯರ್ ಬೋರ್ಡಿಗೆ ಬಂದು ಸೇರುವಲ್ಲಿ ಸಾಮಾನ್ಯ ನಾಲ್ಕು ಬಣ್ಣ. ಕೆಂಪು 5 ವೋಲ್ಟ್, ಕಪ್ಪು ಗ್ರೌಂಡ್, ಬಿಳಿ ಹಸಿರು ಡೇಟಾ, ಅದನ್ನು ಮುಟ್ಲಿಕ್ಕೇ ಇಲ್ಲ. ಕಡಿಮೆ ಕ್ರಯದ ಮಾಲಿನಲ್ಲಿ ಬಣ್ಣ ನಂಬ್ಬೇಡಿ, ಒಮ್ಮೆ ಪ್ಲಗ್ ಹಾಕಿ ಮೀಟರ್ ಇಟ್ಟು 5 ವೋಲ್ಟ್ ಎಲ್ಲಿ ಅಂತ ನೋಡಿ ಪುನಃ ಪ್ಲಗ್ ತೆಗೀರಿ.

ನಮ್ಮ ಊರಿನ ವಿಶೇಷ ಇರುದು ಇಲ್ಲಿ. ಮಳೆಗಾಲ ನಾಲ್ಕು ತಿಂಗಳು, ಮತ್ತೆ ಕಡಲಿನ ಉಪ್ಪು ಗಾಳಿ, ಹಳೇ ಕಂಟ್ರೋಲರ್ ಬಿಚ್ಚಿದ್ರೆ ತಾಮ್ರದ ಮೇಲೆ ಹಸಿರು ಕಿಲುಬು ಕೂತಿರ್ತದೆ. ಅದರ ಮೇಲೆ ಎಷ್ಟು ಲೆಡ್ ಹಾಕಿದ್ರೂ ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಉರುಳಿ ಹೋಗ್ತದೆಯೇ ಹೊರತು ಹಿಡಿಯುದಿಲ್ಲ. ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ, ತುದಿಯನ್ನು ಬ್ಲೇಡಿನಲ್ಲಿ ಹೊಳೆಯುವಷ್ಟು ಕೆರೆದು, ಚೂರು ಫ್ಲಕ್ಸ್ (ಲೆಡ್ ಸರಿ ಹಿಡಿಯಲಿಕ್ಕೆ ಹಚ್ಚುವ ಪೇಸ್ಟ್) ಮುಟ್ಟಿಸಿ, ಆಮೇಲೆ ಐರನ್ ಇಡಿ. ಎರಡು ಮೂರು ಸೆಕೆಂಡ್ ಸಾಕು, ಜಾಸ್ತಿ ಇಟ್ರೆ ಬೋರ್ಡಿನ ತಾಮ್ರವೇ ಎದ್ದು ಬರ್ತದೆ. ಕಿಟಕಿ ತೆಗೆದಿಡಿ, ಹೊಗೆ ಮೂಗಿಗೆ ಹೋಗುದು ಬೇಡ, ಕೆಲಸ ಮುಗಿದ ಮೇಲೆ ಸಾಬೂನಲ್ಲಿ ಕೈ ತೊಳೆಯದೆ ತಿಂಡಿಗೆ ಕೂರ್ಬೇಡಿ, ಸೋಲ್ಡರಿನಲ್ಲಿ ಸೀಸ ಇರ್ತದೆ.

ಎಲ್ಇಡಿಯ ಉದ್ದ ಕಾಲು ಪ್ಲಸ್. ಅದಕ್ಕೆ ರೆಸಿಸ್ಟರ್, ರೆಸಿಸ್ಟರಿನಿಂದ ಕೆಂಪು ವಯರಿನ ಜಾಗಕ್ಕೆ, ಗಿಡ್ಡ ಕಾಲಿನಿಂದ ಕಪ್ಪಿಗೆ, ಬರಿ ಮೈ ಕಾಣುವ ಎಲ್ಲ ಕಡೆ ಸ್ಲೀವ್. ಎಲ್ಇಡಿಯ ತಲೆಯನ್ನು ಮೊದಲೇ ಸ್ಯಾಂಡ್ ಪೇಪರಲ್ಲಿ ಉಜ್ಜಿ ಮಬ್ಬು ಮಾಡಿದ್ರೆ ಬೆಳಕು ಚೆಂದ ಹರಡ್ತದೆ. ಸ್ಟಿಕ್‌ನ ಬುಡದ ಹತ್ತಿರ, ಮೇಲೆ ನೋಡುವ ಹಾಗೆ ಅಲ್ಲ, ಅಡ್ಡ ಮಲಗಿಸಿ, ಹಾಟ್ ಗ್ಲೂ ಒಂದು ಬಿಂದು. ಇನ್‌ಸ್ಟಂಟ್ ಅಂಟು ಬೇಡ, ಅದರ ಆವಿಗೆ ಪ್ಲಾಸ್ಟಿಕ್ ಮೇಲೆ ಬಿಳಿ ಬೂದಿ ಹಿಡಿದ ಹಾಗೆ ಕಲೆ ಆಗ್ತದೆ. ಮುಚ್ಚುವ ಮೊದಲು ಎರಡೂ ಸ್ಟಿಕ್ಕನ್ನು ಸುತ್ತ ಒಂದು ಸುತ್ತು ತಿರುಗಿಸಿ ನೋಡಿ, ಎಲ್ಲಿಯೂ ತಾಗಬಾರ್ದು.

ವೈಬ್ರೇಶನ್ ಇರುವ ಮಾಡೆಲ್ ಆದ್ರೆ ಹಿಡಿಯೊಳಗೆ ಎರಡು ಮೋಟಾರ್, ಅದರ ತುದಿಯಲ್ಲಿ ಅರ್ಧಚಂದ್ರದ ಹಾಗೆ ಒಂದು ಲೋಹದ ತೂಕ, ಅದು ತಿರುಗುವ ದಾರಿಯಲ್ಲಿ ವಯರ್ ಬಿಡ್ಬೇಡಿ. ನಾನು ಬಿಟ್ಟಿದ್ದೆ. ಮೊದಲ ದಿನ ಎಂತ ಇಲ್ಲ, ಮೂರನೇ ದಿನ ಕಾರ್ ಗೇಮಲ್ಲಿ ಗೋಡೆಗೆ ಗುದ್ದಿದ ಕೂಡ್ಲೇ ಒಳಗಿಂದ ಟರ್ರ್ ಅಂತ ಶಬ್ದ, ಬಿಚ್ಚಿ ನೋಡಿದ್ರೆ ವಯರಿನ ಸಿಪ್ಪೆ ಹೋಗಿ ತಾಮ್ರ ಕಾಣ್ತಿತ್ತು. ಪುನಃ ಎಲ್ಲ ಮಾಡಿ, ವಯರನ್ನು ಕಂಟ್ರೋಲರಿನ ಒಳಗೋಡೆಗೆ ಒತ್ತಿ ಟೇಪ್ ಹಾಕಿದೆ.

ಮುಚ್ಚಿದ ರಾತ್ರಿ ಹುಡುಗ ಖುಷಿಯಲ್ಲಿ ಮಲಗಿದ. ಹನ್ನೊಂದು ಗಂಟೆಗೆ ಅಕ್ಕನ ಫೋನ್, "ಕಂಪ್ಯೂಟರ್ ಆಫ್ ಮಾಡಿ ಆಗಿದೆ, ಇದು ಇನ್ನೂ ಹೊತ್ತಿಕೊಂಡೇ ಉಂಟಲ್ಲ ಮಾರಾಯ, ಎಂತ ಮಾಡಿ ಇಟ್ಟಿದ್ದಿ?" ಸುಮಾರು ಕಂಪ್ಯೂಟರುಗಳು ಆಫ್ ಆದ್ರೂ ಯುಎಸ್‌ಬಿಗೆ 5 ವೋಲ್ಟ್ ಕೊಡ್ತಾನೇ ಇರ್ತವೆ, ಅದು ನನಗೆ ಆಗ ನೆನಪಾಯ್ತು. ಮರುದಿನ ಎಲ್ಇಡಿಗಳಿಗೆ ಹೋಗುವ ಪ್ಲಸ್ ವಯರಿನ ನಡುವೆ ಒಂದು ಸಣ್ಣ ಸ್ಲೈಡ್ ಸ್ವಿಚ್ ಹಾಕಿ ಕೊಟ್ಟೆ, ನೀವು ಅದನ್ನು ಮೊದಲೇ ಹಾಕಿ ಆಯ್ತಾ.