ರೈಲ್ವೆ ಸಮಿತಿಯ ನಡಾವಳಿ ನನ್ನ ಕೈಗೆ ಬಂದದ್ದು ಹೀಗೆ

ಕೊನೆಗೂ ಕಾಗದ ಬಂತು. 140 ಚಿಲ್ಲರೆ ಪುಟ. ನಾವೆಲ್ಲ ಡಿಆರ್‌ಯುಸಿಸಿ ಅಂತ ಕರೆಯುವ ರೈಲು ಬಳಕೆದಾರರ ಸಲಹಾ ಸಮಿತಿಯ ಸುಮಾರು ಮೂರು ವರ್ಷದ ನಡಾವಳಿ. ಅಜೆಂಡಾ, ಹಾಜರಾತಿ, ಯಾರು ಏನು ಕೇಳಿದರು, ಇಲಾಖೆ ಏನು ಉತ್ತರ ಕೊಟ್ಟಿತು, ಎಲ್ಲ ಇದೆ.

ಇದನ್ನು ಬರೆಯಲು ಇನ್ನೊಂದು ಕಾರಣವೂ ಇದೆ. ಎರಡು ವರ್ಷದ ಹಿಂದೆ ಹಾಸನದ ನಮ್ಮ ಗೆಳೆಯರ ಗುಂಪಿನಲ್ಲಿ, ಮಾಹಿತಿ ಹಕ್ಕು ಕಾನೂನಿನಡಿ (ಆರ್‌ಟಿಐ) ಈ ನಡಾವಳಿ ಕೇಳುವ ವಿಷಯ ಎತ್ತಿದಾಗ ಎಲ್ಲರೂ ನಕ್ಕಿದ್ದರು. ಗ್ರಾಮ ಪಂಚಾಯಿತಿಯಿಂದ ಜಿಲ್ಲಾ ಕಚೇರಿವರೆಗೆ ಆರ್‌ಟಿಐ ಹಾಕಿ ಪಳಗಿದವರು ಅವರು. 'ರೈಲ್ವೆಯವರ ಹತ್ರ ಇದೆಲ್ಲ ನಡೆಯಲ್ಲ ಕಣಣ್ಣ, ಡೆಲ್ಲಿ ತನಕ ಹೋಗಬೇಕಾಗತ್ತೆ' ಅಂದರು. ಚಿಕ್ಕಮಗಳೂರಿನ ಗೆಳೆಯನಂತೂ ಒಂದು ಪಂದ್ಯಕ್ಕೇ ಬಿದ್ದಿದ್ದ. ಡೆಲ್ಲಿಗೆ ಹೋಗಲಿಲ್ಲ. ಅಲ್ಲಿಯ ಮಾಹಿತಿ ಆಯೋಗಕ್ಕೆ ಹಾಕುವ ಎರಡನೇ ಮೇಲ್ಮನವಿಯ ಮುಖವನ್ನೂ ನೋಡಲಿಲ್ಲ.

ಯಾವ ಕಚೇರಿ ಅಂತ ಮಾತ್ರ ಕೇಳಬೇಡಿ. ಆ ಕಚೇರಿಯವರ ಜೊತೆ ಈಗ ಮಾತುಕತೆ ಚೆನ್ನಾಗಿದೆ, ಕೆಡಿಸಿಕೊಳ್ಳುವುದು ಬೇಡ.

ನಾನು ಇದಕ್ಕೆ ಇಳಿದದ್ದು ದೊಡ್ಡ ಉದ್ದೇಶ ಇಟ್ಟುಕೊಂಡು ಅಲ್ಲ. ನನ್ನದು ಝೆರಾಕ್ಸ್ ಅಂಗಡಿ. ಟೋನರ್, ಬಿಡಿಭಾಗ ತರಲು ತಿಂಗಳಿಗೆ ಎರಡು ಮೂರು ಸಲ ಬೆಂಗಳೂರಿಗೆ ಹೋಗಬೇಕು. ಮೊದಲೆಲ್ಲ ರೈಲು ಅಂದರೆ ಅರಸೀಕೆರೆ ಸುತ್ತಿಕೊಂಡು ಹೋಗುವುದು. 2017ರಲ್ಲಿ ಶ್ರವಣಬೆಳಗೊಳದ ಮೇಲಿನ ದಾರಿ ಶುರುವಾದ ಮೇಲೆ ಬಸ್ಸು ಬಿಟ್ಟೆ. ನಮ್ಮ ಮನೆ ಊರಿನಿಂದ ಹೊರಗೆ, ಒಂದು ಸಣ್ಣ ಸ್ಟೇಷನ್ನಿನ ಹತ್ತಿರ. ಅಲ್ಲಿ ಪ್ಲಾಟ್‌ಫಾರ್ಮಿಗೆ ಸೂರಿರಲಿಲ್ಲ. ಮಲೆನಾಡಿನ ಸೆರಗಿನ ಮಳೆ ಹೇಗಿರತ್ತೆ ಗೊತ್ತಲ್ಲ. ಕೇಳಿದರೆ 'ಸಮಿತಿಯಲ್ಲಿ ಚರ್ಚೆ ಆಗ್ತಿದೆ' ಅನ್ನುತ್ತಿದ್ದರು. ಯಾವ ಸಮಿತಿ, ಯಾವಾಗ ಸೇರಿತು, ಯಾರಿಗೂ ಗೊತ್ತಿಲ್ಲ. ನಮ್ಮೂರ ಗ್ರಾಮಸಭೆಗಾದರೂ ಟಾಂಟಾಂ ಹೊಡೆಸುತ್ತಾರೆ. ಪ್ರಯಾಣಿಕರ ಹೆಸರಿನಲ್ಲೇ ನಡೆಯುವ ಈ ಸಭೆಯ ಸುದ್ದಿ ಒಬ್ಬ ಪ್ರಯಾಣಿಕನಿಗೂ ಇಲ್ಲ.

ಮೊದಲ ಅರ್ಜಿ ಹಾಕಿದ್ದು ಸಿಟ್ಟಿನಲ್ಲಿ. 21 ಪ್ರಶ್ನೆ ಇತ್ತು ಅಂತ ನೆನಪು. ಯಾಕೆ ಸೂರಿಲ್ಲ, ಯಾಕೆ ಸಭೆಗೆ ಸಾರ್ವಜನಿಕರನ್ನು ಬಿಡಲ್ಲ, ಯಾರು ಹೊಣೆ. ಸರಿಯಾಗಿ 29ನೇ ದಿನ ಹಿಂಬರಹ ಬಂತು. ಕೇಳಿರುವುದು ಮಾಹಿತಿಯೇ ಅಲ್ಲ, ವಿವರಣೆ ಅಂತ. 2011ರ ಸುಪ್ರೀಂ ಕೋರ್ಟ್ ತೀರ್ಪನ್ನೂ ತಲೆಗೆ ಕಟ್ಟಿದ್ದರು, ಪರೀಕ್ಷೆಯ ಉತ್ತರ ಪತ್ರಿಕೆ ಕೇಸಿನದ್ದು; ಕಚೇರಿಯಲ್ಲಿ ಇರುವ ಮಾಹಿತಿ ಕೊಟ್ಟರೆ ಸಾಕು, ವಿವರಣೆ ಕೊಡಬೇಕಿಲ್ಲ ಅಂತ ಅದರಲ್ಲಿದೆ. ತಪ್ಪು ನನ್ನದೇ. ಬೇರೆಯವರಿಗೆ 'ಯಾಕೆ ಅಂತ ಕೇಳಬೇಡಿ' ಅಂತ ಬುದ್ಧಿ ಹೇಳುವವನು ನಾನೇ ಕೇಳಿದ್ದೆ.

ಎರಡನೆಯದು ಅರ್ಜಿ ಶುಲ್ಕದ ಪೋಸ್ಟಲ್ ಆರ್ಡರಿನಲ್ಲಿ ಬಿತ್ತು. ರಾಜ್ಯದ ಕಚೇರಿಗಳಿಗೆ ಬರೆದು ಬರೆದು ಕೈ ಅದೇ ದಾರಿ ಹಿಡಿದಿತ್ತು. ಸ್ವೀಕರಿಸುವವರ ಹೆಸರು ತಪ್ಪು ಬರೆದೆ, ಅರ್ಜಿ ಪೂರ್ತಿ ವಾಪಸ್. ಕೇಂದ್ರದ ಕಚೇರಿಗೆ 'ಅಕೌಂಟ್ಸ್ ಆಫೀಸರ್' ಅಂತ ಬರೆಯಬೇಕು. ಹತ್ತು ರೂಪಾಯಿಯ ಕಾಗದಕ್ಕೆ ಒಂದೂವರೆ ತಿಂಗಳು ಹೋಯಿತು. ಆನ್‌ಲೈನ್ ಯಾಕೆ ಹಾಕಲಿಲ್ಲ ಅಂತ ಕೇಳುತ್ತೀರಿ. ಟಪ್ಪಾಲಿನ ಸೀಲು ಬಿದ್ದ ಸ್ವೀಕೃತಿ ಕೈಯಲ್ಲಿದ್ದರೆ ನನಗೆ ಧೈರ್ಯ. ಹಳೇ ಚಟ ಅನ್ನಿ.

ಮೂರನೆಯದು ಅತಿಯಾಸೆ. ಹತ್ತು ವರ್ಷದ ಎಲ್ಲ ಸಭೆಗಳ ದೃಢೀಕೃತ ಪ್ರತಿ ಕೊಡಿ ಅಂದೆ. ಕಲಂ 7(9) ತೋರಿಸಿದರು. ಇಷ್ಟು ತೆಗೆಯಲು ಕೂತರೆ ಕಚೇರಿ ಕೆಲಸ ನಿಲ್ಲುತ್ತದೆ ಅಂತ. ಜೊತೆಗೆ ಸದಸ್ಯರ ಹೆಸರು ಇದೆ, ವೈಯಕ್ತಿಕ, ಹಾಗಾಗಿ 8(1)(ಜೆ) ಅಂತ ಒಂದು ಬಾಲವನ್ನೂ ಸೇರಿಸಿದ್ದರು. ಗುಂಪಿನಲ್ಲಿ ಮತ್ತೆ ನಗು. ಹೆಂಡತಿ ಬಾಯಿ ಬಿಟ್ಟು ಏನೂ ಅನ್ನಲಿಲ್ಲ. ಆದರೆ ಸ್ಪೀಡ್ ಪೋಸ್ಟಿನ ರಸೀದಿಗಳನ್ನೆಲ್ಲ ಒಂದು ಪಿನ್ನಿಗೆ ಚುಚ್ಚಿ ನನಗೆ ಕಾಣುವ ಹಾಗೆ ಗೋಡೆಗೆ ನೇತು ಹಾಕಿದಳು.

ದಾರಿ ತಿರುಗಿದ್ದು ಹಬ್ಬಕ್ಕೆ ಬಂದ ಅಕ್ಕನ ಮಗನಿಂದ. ಅವನು ಅಮೆರಿಕದಲ್ಲಿದ್ದಾನೆ, ಅಲ್ಲಿಯ ಆಮ್‌ಟ್ರಾಕ್ ರೈಲಿನಲ್ಲೇ ಕೆಲಸಕ್ಕೆ ಓಡಾಡುತ್ತಾನೆ. ನನ್ನ ಗೋಳು ಕೇಳಿ, 'ಮಾವ, ಅಲ್ಲೂ ಇದೇ ಜಗಳ' ಅಂದ. ಆಮ್‌ಟ್ರಾಕ್ ಓಡಲು ಶುರುವಾಗಿದ್ದು 1971ರ ಮೇ 1ರಂದು. ಸರ್ಕಾರದ ದುಡ್ಡು ಬೇಕು, ಆದರೆ ಕಾನೂನಿನ ಪ್ರಕಾರ ಅದು ಸರ್ಕಾರಿ ಇಲಾಖೆ ಅಲ್ಲ, ಕಂಪನಿ. ಸರ್ಕಾರಿ ಮಂಡಳಿಗಳು ಬಾಗಿಲು ತೆರೆದು ಸಭೆ ಮಾಡಬೇಕು ಅಂತ 1976ರಲ್ಲಿ ಅಲ್ಲೊಂದು ಕಾನೂನು ಬಂತು. 'ಸನ್‌ಶೈನ್' ಕಾನೂನು ಅಂತಾರೆ. ವಾರ ಮೊದಲೇ ನೋಟಿಸ್ ಹಾಕಬೇಕು, ಬಾಗಿಲು ಮುಚ್ಚಬೇಕಾದರೆ ಅದರಲ್ಲಿ ಬರೆದಿರುವ ಹತ್ತು ಕಾರಣಗಳಲ್ಲಿ ಒಂದನ್ನು ತೋರಿಸಬೇಕು. ಆಮ್‌ಟ್ರಾಕ್‌ನ ಆಡಳಿತ ಮಂಡಳಿಯನ್ನೂ ಈ ಕಾನೂನಿನೊಳಗೆ ತರಬೇಕು ಅಂತ ಈಚಿನ ವರ್ಷಗಳಲ್ಲಿ ಅವರ ಸಂಸತ್ತಿನಲ್ಲಿ ಮಸೂದೆ ಮಂಡಿಸಿದ್ದಾರಂತೆ. ತೆರಿಗೆ ಕಟ್ಟುವವರ ದುಡ್ಡು ತಗೊಂಡ ಮೇಲೆ ಅವರ ಕಣ್ಣೆದುರೇ ಮಾತಾಡಿ ಅನ್ನುವುದು ವಾದ.

'ನಿಮ್ಮ ಕಾನೂನಿನಲ್ಲಿ ಸಭೆ ಬಗ್ಗೆ ಏನೂ ಇಲ್ವಾ ಮಾವ?' ಅಂತ ಕೇಳಿಬಿಟ್ಟ. ಇಲ್ಲ ಅನ್ನೋಕೆ ಹೊರಟವನು ರಾತ್ರಿ ಪುಸ್ತಕ ತೆಗೆದೆ. ಇದೆ! ಕಲಂ 4(1)(ಬಿ)ಯ ಎಂಟನೇ ಅಂಶ. ನೂರು ಸಲ ಓದಿದ್ದೇನೆ, ಕಣ್ಣು ಅದರ ಮೇಲೆ ನಿಂತಿರಲಿಲ್ಲ. ಇಬ್ಬರಿಗಿಂತ ಕಡಿಮೆ ಇಲ್ಲದ ಸಮಿತಿ, ಮಂಡಳಿ ಯಾವುದೇ ಇರಲಿ, ಸಲಹೆಗೆ ಅಂತ ಮಾಡಿದ್ದೇ ಆಗಿರಲಿ, ಅದರ ಸಭೆಗೆ ಸಾರ್ವಜನಿಕರು ಬರಬಹುದೋ ಇಲ್ಲವೋ, ನಡಾವಳಿ ಅವರಿಗೆ ಸಿಗುತ್ತದೋ ಇಲ್ಲವೋ ಅಂತ ಕಚೇರಿಯೇ ತಾನಾಗಿ ಪ್ರಕಟಿಸಬೇಕು.

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಬಾಗಿಲು ತೆರೆಯಿರಿ ಅಂತ ಎಲ್ಲೂ ಹೇಳಿಲ್ಲ. ತೆರೆದಿದೆಯೋ ಮುಚ್ಚಿದೆಯೋ ಹೇಳಿ ಅಂತ ಮಾತ್ರ ಇದೆ. ಅಮೆರಿಕದ ಕಾನೂನಿನ ಮುಂದೆ ಇದು ಅರ್ಧ ಬೆಂದ ಅನ್ನ. ಆದರೂ ಇದರಿಂದಲೇ ನನ್ನ ಕೆಲಸ ಆಯಿತು. ಮೂರು ಅರ್ಜಿಯಲ್ಲಿ ನಾನು ಸಭೆಯೊಳಗೆ ಬಿಡಿ ಅಂತ ಒಂದು ಕೈಯಲ್ಲಿ ಬಾಗಿಲು ಬಡಿಯುತ್ತಿದ್ದೆ, ಇನ್ನೊಂದು ಕೈಯಲ್ಲಿ ಕಾಗದ ಕೇಳುತ್ತಿದ್ದೆ. ಬಾಗಿಲಿನ ಆಸೆ ಬಿಟ್ಟೆ.

ನಾಲ್ಕನೇ ಅರ್ಜಿ ಅರ್ಧ ಪುಟ. ಕೇಳಿದ್ದು ಎರಡೇ. ಎಂಟನೇ ಅಂಶದ ಅಡಿ ಈ ಸಮಿತಿ ಬಗ್ಗೆ ನೀವು ಪ್ರಕಟಿಸಿರುವ ಹೇಳಿಕೆಯ ಪ್ರತಿ. ಮತ್ತೆ, ಸಮಿತಿಯ ಕಡತ ವೀಕ್ಷಣೆಗೆ ಒಂದು ದಿನ. ಕಡತದ ಪ್ರತಿ ಕೇಳಲೇ ಇಲ್ಲ. ಕಡತ ನೋಡುವವನೇ ಬಂದು ಕೂರುತ್ತಾನೆ ಅಂದಮೇಲೆ 7(9) ಎಲ್ಲಿಂದ ತರುತ್ತಾರೆ? ಸದಸ್ಯರ ಫೋನ್ ನಂಬರು, ಮನೆ ವಿಳಾಸ ನನಗೆ ಬೇಡ, ಕಲಂ 10ರ ಪ್ರಕಾರ ಅಷ್ಟಕ್ಕೆ ಕಪ್ಪು ಹೊಡೆದು ತೋರಿಸಿ ಅಂತ ನಾನೇ ಮೊದಲು ಬರೆದೆ. 8(1)(ಜೆ) ಬಾಲ ಅಲ್ಲಿಗೆ ಕತ್ತರಿಸಿತು.

ಮೂವತ್ತು ದಿನ ಸುಮ್ಮನಿದ್ದರು. ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಹಾಕಿದೆ. ಅದರಲ್ಲಿ ಒಂದು ಸಾಲು ಬರೆದಿದ್ದೆ, ಅದನ್ನು ಇಲ್ಲಿ ಹಾಕಲ್ಲ. ಬೈಗುಳ ಅಲ್ಲ, ಬೆದರಿಕೆಯೂ ಅಲ್ಲ, ಒಂದು ಸಣ್ಣ ಪ್ರಶ್ನೆ ಅಷ್ಟೆ. ಎರಡು ವಾರಕ್ಕೆ ಫೋನ್ ಬಂತು. 'ಯಾವಾಗ ಬರ್ತೀರಿ ಸರ್?'

ವೀಕ್ಷಣೆಗೆ ಮೊದಲ ಒಂದು ಗಂಟೆ ಶುಲ್ಕವಿಲ್ಲ, ಆಮೇಲೆ ಗಂಟೆಗೆ ಐದು ರೂಪಾಯಿ. ನಾನು ಕೂತಿದ್ದು ನಾಲ್ಕು ಗಂಟೆ ಚಿಲ್ಲರೆ, ಅಲ್ಲಿಗೆ 20 ರೂಪಾಯಿ. ಮೊಬೈಲ್ ಫೋಟೋಕ್ಕೆ ತಕರಾರು ಬರತ್ತೆ ಅಂತ ಗೊತ್ತಿತ್ತು, ಜಗಳಕ್ಕೆ ಹೋಗಲಿಲ್ಲ. ಪೆನ್ಸಿಲು, ಹಳದಿ ಚೀಟಿ ಒಯ್ದಿದ್ದೆ. ಬೇಕಾದ ಪುಟಕ್ಕೆ ಚೀಟಿ ಸಿಕ್ಕಿಸಿ, ಸಂಖ್ಯೆ ಬರೆದುಕೊಂಡು, ಅಷ್ಟಕ್ಕೆ ಮಾತ್ರ ಪ್ರತಿ ಕೇಳಿದೆ. ಪುಟಕ್ಕೆ ಎರಡು ರೂಪಾಯಿ, 300ರ ಆಸುಪಾಸು ಆಯಿತು. ನನ್ನ ಅಂಗಡಿಯಲ್ಲೂ ಅಷ್ಟೇ ದರ, ಬೇಕಿದ್ದರೆ ಅಲ್ಲೇ ಮಾಡಿಸಿ ಅಂತ ತಮಾಷೆ ಮಾಡಿದೆ. ಗುಮಾಸ್ತರೂ ನಕ್ಕರು. ಟೀ ತರಿಸಿದರು.

ಒಟ್ಟು ಖರ್ಚು ಲೆಕ್ಕ ಇಟ್ಟಿಲ್ಲ. ಅಂದಾಜು ಹೇಳುತ್ತೇನೆ. ಅಂಚೆ, ಪೋಸ್ಟಲ್ ಆರ್ಡರ್ ಸೇರಿ 500. ಓಡಾಟ, ಊಟ 1,500. ಅಂಗಡಿ ಮುಚ್ಚಿದ್ದು ಐದಾರು ದಿನ, ಅದೇ ದೊಡ್ಡದು, ಐದು ಸಾವಿರಕ್ಕೆ ಕಡಿಮೆ ಇಲ್ಲ. ಮೊದಲ ಮೂರು ಅರ್ಜಿಯ ದಡ್ಡತನ ಬಿಟ್ಟಿದ್ದರೆ ಅರ್ಧಕ್ಕೆ ಮುಗಿಯುತ್ತಿತ್ತು.

ಈಗ ಒಳಗೇನಿತ್ತು ಕೇಳಿ. ನಮ್ಮ ಸ್ಟೇಷನ್ನಿನ ಸೂರು ಐದು ಸಭೆಯಲ್ಲಿ ಬಂದಿದೆ. ಐದರಲ್ಲೂ ಉತ್ತರ 'ಪರಿಶೀಲನೆಯಲ್ಲಿದೆ'. ಅಕ್ಷರ ಕೂಡ ಬದಲಾಗಿಲ್ಲ. ಒಂದೊಂದೇ ಸಭೆಯ ಕಾಗದ ನೋಡಿದರೆ ಇದು ಕಾಣಲ್ಲ, ಸಾಲಾಗಿ ಜೋಡಿಸಿದರೆ ಮಾತ್ರ. ಇನ್ನೊಂದು ಸಂಗತಿ ನನಗೆ ಬೇಜಾರಾಯಿತು. ಈ ಸಮಿತಿಗೆ ವಿಭಾಗದ ಮುಖ್ಯಸ್ಥರಾದ ಡಿಆರ್‌ಎಂ ಅಧ್ಯಕ್ಷರು, ಸದಸ್ಯರ ಅವಧಿ ಎರಡು ವರ್ಷ. ಹಾಜರಾತಿ ಹಾಳೆಯಲ್ಲಿ ನಮ್ಮ ಕಡೆಯ ಒಬ್ಬ ಸದಸ್ಯರ ಸಹಿ ಒಂದೇ ಒಂದು ಸಲ ಇತ್ತು. ಇಲಾಖೆಯನ್ನು ಬೈಯುತ್ತಿದ್ದೆವು, ನಮ್ಮ ಪರ ಹೋಗಬೇಕಾದವರು ಸರಿಯಾಗಿ ಹೋಗಿಯೇ ಇರಲಿಲ್ಲ.

ಆ ಐದು ಉತ್ತರಗಳನ್ನು ಕನ್ನಡಕ್ಕೆ ಮಾಡಿ, ದಿನಾಂಕ ಸಮೇತ ಒಂದೇ ಹಾಳೆಯಲ್ಲಿ ಟೈಪ್ ಮಾಡಿದೆ. ನನ್ನ ಟೀಕೆ ಒಂದಕ್ಷರವಿಲ್ಲ. ಸ್ಟೇಷನ್ ಹೊರಗಿನ ಕಾಫಿ ಅಂಗಡಿ, ಆಟೋ ಸ್ಟ್ಯಾಂಡ್, ಹಾಲಿನ ಡೈರಿಯಲ್ಲಿ ಅಂಟಿಸಿದೆ. ಎರಡು ತಿಂಗಳಿಗೆ ಆ ಸದಸ್ಯರೇ ಫೋನ್ ಮಾಡಿ, ಮುಂದಿನ ಸಭೆಯಲ್ಲಿ ಏನು ಕೇಳಲಿ ಅಂದರು. ಕೇಳಿದರು, ಆರನೇ ಉತ್ತರ ಬೇರೆ ಬಂತು. ಈಗ ಪ್ಲಾಟ್‌ಫಾರ್ಮಿನ ಒಂದು ತುದಿಗೆ ಶೀಟು ಬಿದ್ದಿದೆ. ಬೆಂಚು ಇನ್ನೂ ಇಲ್ಲ.

ಈ ಮಧ್ಯೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಆಮ್‌ಟ್ರಾಕ್ ಕಥೆ ತಲೆಗೆ ಹತ್ತಿತ್ತಲ್ಲ, ಸರ್ಕಾರದ ಪಾಲಿರುವ ಒಂದು ಕಂಪನಿಗೆ ಅದರ ಆಡಳಿತ ಮಂಡಳಿಯ ನಡಾವಳಿ ಕೇಳಿದೆ. ವ್ಯಾಪಾರದ ಗುಟ್ಟು ಅಂತ 8(1)(ಡಿ) ಎಸೆದರು. ಮೇಲ್ಮನವಿಯಲ್ಲಿ ಗುಟ್ಟು ಮುಚ್ಚಿ ಉಳಿದದ್ದು ಕೊಡಿ ಅಂದೆ. ಬಂದದ್ದು ಬರೀ ಅಜೆಂಡಾದ ತಲೆಬರಹ, ನಾಲ್ಕು ಪುಟ, ಉಳಿದದ್ದೆಲ್ಲ ಕಪ್ಪು. ಟೋನರ್ ಜಾಸ್ತಿ ಖರ್ಚಾಗಿರಬೇಕು. ಅದನ್ನು ಸದ್ಯಕ್ಕೆ ಅಲ್ಲಿಗೇ ಬಿಟ್ಟಿದ್ದೇನೆ.

ನನಗೆ ನಿಜವಾಗಿ ಹೆಮ್ಮೆ ಇರುವುದು ಕಳೆದ ಸಲದ್ದಕ್ಕೆ. ಅಜೆಂಡಾ ಸಭೆಗೆ ಮೊದಲೇ ಕೈಗೆ ಬಂತು. ನಡಾವಳಿ ಅಂದರೆ ಆಗಿಹೋದ ಊಟದ ಎಲೆ. ಅಜೆಂಡಾ ಸಿಕ್ಕರೆ ಅಡುಗೆಗೆ ಉಪ್ಪು ಸಾಲದು ಅಂತ ಮೊದಲೇ ಹೇಳಬಹುದು. ಇದರಲ್ಲಿ ಎಲ್ಲ ಇರುವುದು ಅರ್ಜಿ ಯಾವ ದಿನ ಟಪ್ಪಾಲಿಗೆ ಬೀಳಬೇಕು ಅನ್ನುವ ಲೆಕ್ಕದಲ್ಲಿ. ಹಳೇ ನಡಾವಳಿಗಳ ದಿನಾಂಕ ಜೋಡಿಸಿ ನೋಡಿದವರಿಗೆ ಅದು ಹೊಳೆಯುತ್ತದೆ. ಇಷ್ಟೇ ಹೇಳುತ್ತೇನೆ.

ಪಂದ್ಯ ಕಟ್ಟಿದ್ದ ಚಿಕ್ಕಮಗಳೂರಿನ ಗೆಳೆಯ ಹೋದ ವಾರ ಫೋನ್ ಮಾಡಿದ್ದ. ಅವರ ಊರಿಗೆ ರೈಲು ಬಂದದ್ದೇ 2013ರಲ್ಲಿ, ಕಡೂರಿನಿಂದ. ಕಡೂರಿನಲ್ಲಿ ಇಳಿದು ಬೇರೆ ರೈಲು ಹಿಡಿಯುವ ಹೊತ್ತು ಹೊಂದುವುದಿಲ್ಲ ಅಂತ ಅವನ ತಕರಾರು. ಅರ್ಜಿಯ ನಮೂನೆ ಕೇಳಿದ, ವಾಟ್ಸಾಪ್‌ನಲ್ಲಿ ಕಳಿಸಿದೆ. ಮೇಲ್ಮನವಿಯದ್ದೂ ಕಳಿಸಿದೆ, ಆ ಒಂದು ಸಾಲು ಬಿಟ್ಟು. 'ದಿನದ ಲೆಕ್ಕ ಹೇಳಣ್ಣ' ಅಂದ. ಮೊದಲು ಪಂದ್ಯದ 500 ರೂಪಾಯಿ ತಂದುಕೊಡು ಅಂದಿದ್ದೇನೆ. ಇನ್ನೂ ಬಂದಿಲ್ಲ.