ಗೆರೆ ಸರಿಯಿದ್ದರೆ ಮೈ ಸರಿ: ಕ್ಯಾಡ್‌ನಲ್ಲಿ ಕತ್ತಿಯ ಹಿಡಿ ರೂಪಿಸುವ ಬಗೆ

ಕೊಡಗಿನ ತೋಟದ ಮನೆಗಳಲ್ಲಿ ಹಳೆಯ ಕತ್ತಿಗಳಿಗೆ ಬರವಿಲ್ಲ. ಸೆಪ್ಟೆಂಬರ್ ಮೊದಲ ವಾರ ಕೊಡವರ ಆಯುಧಪೂಜೆಯಾದ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿ, ಕತ್ತಿಗಳನ್ನು ಒರೆಸಿ ತೋಕ್ ಪೂ (ಕೋವಿ ಹೂ) ಇಟ್ಟು ಸಿಂಗರಿಸುವಾಗ, ಯಾವುದಾದರೂ ಒಂದು ಕತ್ತಿಯ ಹಿಡಿಯ ಮೇಲೆ ಬೆರಳಾಡಿಸಿ ನೋಡಿ. ಎಲ್ಲಿಯೂ ಚಪ್ಪಟೆಯಿಲ್ಲ, ಎಲ್ಲಿಯೂ ಪೂರ್ತಿ ದುಂಡೂ ಅಲ್ಲ. ಅಲಗಿನ ಬಳಿ ಸಣ್ಣಗಾಗಿ, ಅಂಗೈ ಕೂರುವಲ್ಲಿ ಉಬ್ಬಿ, ತುದಿಯಲ್ಲಿ ಕೈ ಜಾರದಂತೆ ಕೆಳಕ್ಕೆ ಬಾಗಿರುತ್ತದೆ.

ಇಂಥ ಹಿಡಿಯನ್ನು ಕ್ಯಾಡ್‌ನಲ್ಲಿ, ಅಂದರೆ ಕಂಪ್ಯೂಟರಿನ ವಿನ್ಯಾಸ ತಂತ್ರಾಂಶದಲ್ಲಿ, ಬಿಡಿಸಲು ಕುಳಿತ ವಿದ್ಯಾರ್ಥಿಗಳು ಮೊದಲ ದಿನವೇ ಕೈಚೆಲ್ಲುತ್ತಾರೆ. ಸ್ಕೆಚ್ ಬರೆದು ಮೇಲಕ್ಕೆ ಎತ್ತಿದರೆ ಹಲಗೆಯಾಗುತ್ತದೆ, ಅಕ್ಷದ ಸುತ್ತ ತಿರುಗಿಸಿದರೆ ಲಟ್ಟಣಿಗೆಯಾಗುತ್ತದೆ, ಹಿಡಿ ಮಾತ್ರ ಆಗುವುದಿಲ್ಲ. ಅದಕ್ಕೆ ಬೇಕಿರುವುದು ಉದ್ದಕ್ಕೆ ಓಡುವ ಕೆಲವು ಗೆರೆಗಳು ಮತ್ತು ಅಡ್ಡಕ್ಕೆ ಕೊಯ್ದಂತಿರುವ ಕೆಲವು ಆಕಾರಗಳು. ಉದ್ದದ ಗೆರೆಗೆ ಗೈಡ್ ಕರ್ವ್ ಎಂದೂ ಅಡ್ಡಕೊಯ್ತಕ್ಕೆ ಪ್ರೊಫೈಲ್ ಎಂದೂ ಹೆಸರು. ಇವೆರಡು ಸೇರಿದ ಬಲೆಯ ಮೇಲೆ ತಂತ್ರಾಂಶ ಮೈಯನ್ನು ಹೊದಿಸುತ್ತದೆ. ಹೊದಿಸುವ ಕೆಲಸ ಒಂದು ಗುಂಡಿ ಒತ್ತಿದರೆ ಆಗುವಂಥದ್ದು. ಬಲೆ ಹೆಣೆಯುವುದೇ ನಿಜವಾದ ಕೆಲಸ.

ನಾನು ಇಲ್ಲಿ ಫ್ರೀಕ್ಯಾಡ್ ಎಂಬ ತಂತ್ರಾಂಶ ಬಳಸುತ್ತೇನೆ. ಅದಕ್ಕೆ ಹಣ ಕೊಡಬೇಕಿಲ್ಲ, ಅದರ 1.0 ಆವೃತ್ತಿ 2024ರ ನವೆಂಬರಿನಲ್ಲಿ ಬಂದಿದೆ. ಆದರೆ ಅಡ್ಡಕೊಯ್ತಗಳ ಮೇಲೆ ಮೈ ಹೊದಿಸುವ ಅದರ ಸ್ವಂತ ಲಾಫ್ಟ್ ಆದೇಶವು ಗೈಡ್ ಕರ್ವ್‌ಗಳನ್ನು ತೆಗೆದುಕೊಳ್ಳುವುದಿಲ್ಲ. ಆ್ಯಡ್ಆನ್ ಮ್ಯಾನೇಜರ್‌ನಿಂದ ‘ಕರ್ವ್ಸ್’ ಎಂಬ ಹೆಚ್ಚುವರಿ ಭಾಗವನ್ನು ಮೊದಲು ಹಾಕಿಕೊಳ್ಳಿ. ಫ್ಯೂಷನ್, ಸಾಲಿಡ್‌ವರ್ಕ್ಸ್ ಎಂಬ ಬೇರೆ ಕ್ಯಾಡ್ ತಂತ್ರಾಂಶಗಳನ್ನು ಬಳಸುವವರಿಗೆ ಲಾಫ್ಟ್ ಆದೇಶದ ಒಳಗೇ ಈ ಸೌಲಭ್ಯವಿದೆ. ಫ್ಯೂಷನ್‌ನಲ್ಲಿ ಇದನ್ನು ರೈಲ್ ಎನ್ನುತ್ತಾರೆ. ರೈನೋದಲ್ಲಿ ನೆಟ್‌ವರ್ಕ್ ಸರ್ಫೇಸ್ ಇದೆ. ಹೆಸರು ಬೇರೆಯಾದರೂ ಮುಂದೆ ಹೇಳುವ ಎಚ್ಚರಿಕೆಗಳು ಎಲ್ಲಕ್ಕೂ ಒಂದೇ.

ಮೊದಲು ಅಳತೆ. ಹಿಡಿಯನ್ನು ಬಿಳಿ ಕಾಗದದ ಮೇಲಿಟ್ಟು, ಪಕ್ಕದಲ್ಲಿ ಸ್ಟೀಲ್ ಅಳತೆಪಟ್ಟಿ ಇರಿಸಿ, ಬದಿಯಿಂದ ಒಂದು, ಮೇಲಿನಿಂದ ಒಂದು ಚಿತ್ರ ತೆಗೆಯಿರಿ. ಹತ್ತಿರದಿಂದ ತೆಗೆದರೆ ಆಕಾರ ಉಬ್ಬಿ ಕಾಣುತ್ತದೆ, ಆದ್ದರಿಂದ ಎರಡು ಮೀಟರ್ ಹಿಂದೆ ಸರಿದು ಝೂಮ್ ಮಾಡಿ. ಚಿತ್ರ ಸಾಲದು, ವರ್ನಿಯರ್ ಕೂಡ ಬೇಕು. ನಾನು ತೆಗೆದುಕೊಂಡ ಹಿಡಿ 128 ಮಿ.ಮೀ. ಉದ್ದವಿತ್ತು. ಅಲಗಿನ ಬಳಿ ಎತ್ತರ 32, ದಪ್ಪ 24 ಮಿ.ಮೀ. ಸೊಂಟದಲ್ಲಿ 29 ಮತ್ತು 21, ಅಂಗೈ ಕೂರುವ ಉಬ್ಬಿನಲ್ಲಿ 36 ಮತ್ತು 27. ಹೀಗೆ ಐದು ಕಡೆ ಅಳೆದುಕೊಂಡೆ. ಬಲಗೈ ಹೆಬ್ಬೆರಳು ಕೂರುವಲ್ಲಿ ಮರ ಸುಮಾರು ಒಂದು ಮಿಲಿಮೀಟರಿನಷ್ಟು ಸವೆದು ಹೊಳೆಯುತ್ತಿತ್ತು. ಈ ಸವೆತವನ್ನು ಗುರುತು ಹಾಕಿಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ. ಆದರೆ ಮೊದಲ ಪ್ರಯತ್ನದಲ್ಲಿ ಎಡ–ಬಲ ಸಮವಾಗಿರುವ ಹಿಡಿಯನ್ನೇ ಮಾಡಿ.

ಚಿತ್ರಗಳನ್ನು ಫ್ರೀಕ್ಯಾಡ್‌ಗೆ ತಂದು, ಅಳತೆಪಟ್ಟಿಯ ಎರಡು ಗೀಟುಗಳ ನಡುವಿನ ದೂರವನ್ನು 100 ಮಿ.ಮೀ. ಎಂದು ಹೊಂದಿಸಿ. ಈಗ ಬದಿಯ ನೋಟದಲ್ಲಿ ಬೆನ್ನಿನ ಗೆರೆ (ಮೇಲಂಚು) ಮತ್ತು ಹೊಟ್ಟೆಯ ಗೆರೆಯನ್ನು (ಕೆಳಂಚು) ಬಿ-ಸ್ಪ್ಲೈನ್‌ನಿಂದ, ಅಂದರೆ ಕೆಲವು ಬಿಂದುಗಳನ್ನಿಟ್ಟರೆ ನಯವಾಗಿ ಬಾಗುವ ಗೆರೆಯಿಂದ, ಎಳೆಯಿರಿ. ಹೊಸಬರು ತಪ್ಪುವುದು ಇಲ್ಲಿಯೇ. ಚಿತ್ರದ ಅಂಚನ್ನು ಬಿಡದೆ ಹಿಂಬಾಲಿಸಬೇಕೆಂದು ಇಪ್ಪತ್ತು ಬಿಂದುಗಳನ್ನು ಹಾಕುತ್ತಾರೆ. ಗೆರೆ ನಡುಗುತ್ತದೆ, ಆ ನಡುಕವೆಲ್ಲ ಮೈಗೆ ಬರುತ್ತದೆ. ಐದು ಬಿಂದು ಸಾಕು, ಆರಾದರೆ ಹೆಚ್ಚು. ಹಡಗು ಕಟ್ಟುವವರು ಬಾಗುವ ಮರದ ತೆಳು ಪಟ್ಟಿಯನ್ನು ಕೆಲವೇ ಕಡೆ ತೂಕವಿಟ್ಟು ಹಿಡಿದು ಗೆರೆ ಎಳೆಯುತ್ತಿದ್ದರು. ಆ ಪಟ್ಟಿಯ ಹೆಸರೇ ಸ್ಪ್ಲೈನ್. ಅವರು ಪೂರ್ಣ ಅಳತೆಯ ನಕ್ಷೆ ಬರೆಯುತ್ತಿದ್ದ ಅಟ್ಟವೇ ಲಾಫ್ಟ್. ತೂಕ ಹೆಚ್ಚಿದಷ್ಟೂ ಪಟ್ಟಿ ತನ್ನ ಸಹಜ ಬಾಗು ಕಳೆದುಕೊಳ್ಳುತ್ತಿತ್ತು, ಕಂಪ್ಯೂಟರಿನಲ್ಲೂ ಹಾಗೆಯೇ.

ಗೆರೆ ಎಳೆದ ಮೇಲೆ ಅದರ ಬಾಗಿನ ಬಾಚಣಿಗೆಯನ್ನು (ಕರ್ವೇಚರ್ ಕೋಂಬ್) ತೆರೆದು ನೋಡಿ. ಗೆರೆಯಿಂದ ಹಲ್ಲುಗಳಂತೆ ಕಡ್ಡಿಗಳು ಹೊರಡುತ್ತವೆ. ಬಾಗು ಹೆಚ್ಚಿದ್ದಲ್ಲಿ ಹಲ್ಲು ಉದ್ದ, ಕಡಿಮೆಯಿದ್ದಲ್ಲಿ ಗಿಡ್ಡ. ಹಲ್ಲುಗಳ ತುದಿ ಸೇರಿಸಿದರೆ ನಿಧಾನವಾಗಿ ಏರಿ ಇಳಿಯುವ ಗುಡ್ಡದಂತೆ ಕಾಣಬೇಕು. ಸಂಪಾಜೆಯಿಂದ ಮಡಿಕೇರಿಗೆ ಘಟ್ಟ ಹತ್ತುವಾಗ ಕೆಲವು ತಿರುವುಗಳಲ್ಲಿ ಸ್ಟಿಯರಿಂಗ್ ತಾನಾಗಿ ಹೊರಳಿದಂತೆ ಅನಿಸುತ್ತದೆ, ಕೆಲವು ಕಡೆ ಥಟ್ಟನೆ ತಿರುಗಿಸಬೇಕಾಗುತ್ತದೆ. ಥಟ್ಟನೆ ತಿರುಗಿಸುವಲ್ಲಿ ರಸ್ತೆಯ ದಿಕ್ಕು ಮುರಿದಿರುವುದಿಲ್ಲ, ಬಾಗು ಮಾತ್ರ ಒಮ್ಮೆಲೇ ಬದಲಾಗಿರುತ್ತದೆ. ಬಾಚಣಿಗೆಯಲ್ಲಿ ಅದು ಮೆಟ್ಟಿಲಾಗಿ ಕಾಣುತ್ತದೆ, ಮೈಮೇಲೆ ಬೆಳಕು ಬಿದ್ದಾಗ ಗೀರಾಗಿ ಕಾಣುತ್ತದೆ.

ಮೂರನೆಯ ಗೈಡ್ ಕರ್ವ್, ಅಂದರೆ ಬದಿಯ ಉಬ್ಬನ್ನು ಹಿಡಿಯುವ ಹೊರಗೆರೆ, ಸ್ವಲ್ಪ ಕಷ್ಟದ್ದು. ಅದು ಯಾವ ಒಂದು ಸಮತಲದಲ್ಲೂ ಮಲಗಿಲ್ಲ. ಬದಿಯ ನೋಟದಲ್ಲಿ ಅದು ಹೇಗೆ ಕಾಣುತ್ತದೆಯೋ ಹಾಗೆ ಒಂದು ಗೆರೆ, ಮೇಲಿನ ನೋಟದಲ್ಲಿ ಕಾಣುವಂತೆ ಇನ್ನೊಂದು ಗೆರೆ ಬರೆಯಿರಿ. ಎರಡನ್ನೂ ಆಯ್ದು ‘ಮಿಕ್ಸ್‌ಡ್ ಕರ್ವ್’ ಕೊಟ್ಟರೆ, ಎರಡೂ ನೋಟಗಳಿಗೆ ಹೊಂದುವ ಒಂದೇ ಗೆರೆ ಗಾಳಿಯಲ್ಲಿ ಮೂಡುತ್ತದೆ.

ಇನ್ನು ಅಡ್ಡಕೊಯ್ತಗಳು. ಅಳೆದ ಐದು ಕಡೆಗಳಲ್ಲಿ ಅಡ್ಡ ಸಮತಲ ನಿಲ್ಲಿಸಿ, ಪ್ರತಿಯೊಂದರಲ್ಲೂ ಬೆನ್ನಿನಿಂದ ಹೊರಗೆರೆ ಹಾಯ್ದು ಹೊಟ್ಟೆಗೆ ಇಳಿಯುವ ಅರ್ಧ ಅಂಡಾಕಾರ ಬರೆಯಿರಿ. ಅರ್ಧ ಸಾಕು, ಉಳಿದರ್ಧವನ್ನು ಕನ್ನಡಿಯಲ್ಲಿ ತೋರಿದಂತೆ ಮಿರರ್ ಮಾಡಬಹುದು. ಎಲ್ಲ ಅಡ್ಡಕೊಯ್ತಗಳೂ ಬೆನ್ನಿನಿಂದಲೇ ಶುರುವಾಗಲಿ. ಒಂದು ಹೊಟ್ಟೆಯಿಂದ ಶುರುವಾದರೆ ಮೈ ಬಟ್ಟೆ ಹಿಂಡಿದಂತೆ ತಿರುಚಬಹುದು. ಮೇಲ್ತುದಿಯ ಮೊದಲ ಎರಡು ನಿಯಂತ್ರಣ ಬಿಂದುಗಳು ಒಂದೇ ಅಡ್ಡಗೆರೆಯಲ್ಲಿರಲಿ, ಕೆಳತುದಿಯ ಕೊನೆಯ ಎರಡೂ ಹಾಗೆಯೇ. ಆಗ ಗೆರೆ, ಹಿಡಿಯ ಎಡ–ಬಲಗಳನ್ನು ಬೇರ್ಪಡಿಸುವ ನಡುಸಮತಲಕ್ಕೆ ನೇರ ಲಂಬವಾಗಿ ಬಂದು ಸೇರುತ್ತದೆ. ಇದನ್ನು ಮರೆತರೆ ಎರಡು ಅರ್ಧ ಕೂಡಿದಾಗ ಬೆನ್ನುದ್ದಕ್ಕೂ ಏಣು ಏಳುತ್ತದೆ, ಅಂಗೈಗೆ ಚುಚ್ಚುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಮಾತು: ಗೈಡ್ ಕರ್ವ್ ಅಡ್ಡಕೊಯ್ತವನ್ನು ಮುಟ್ಟಲೇಬೇಕು. ಹತ್ತಿರ ಇದ್ದರೆ ಸಾಲದು. ಒಮ್ಮೆ ನನ್ನ ಹೊರಗೆರೆ ನಾಲ್ಕನೆಯ ಅಡ್ಡಕೊಯ್ತದಿಂದ 0.2 ಮಿ.ಮೀ. ದೂರ ಉಳಿದಿತ್ತು. ಪರದೆಯ ಮೇಲೆ ಎರಡೂ ಕೂಡಿದಂತೆಯೇ ಕಾಣುತ್ತಿದ್ದವು. ಆದೇಶ ಮತ್ತೆ ಮತ್ತೆ ವಿಫಲವಾಗಿ, ಒಂದು ಸಂಜೆ ಪೂರ್ತಿ ಬೇರೆಲ್ಲ ಕಡೆ ತಪ್ಪು ಹುಡುಕಿದೆ. ಕಣ್ಣಂದಾಜಿನಲ್ಲಿ ಬಿಂದು ಇಡಬೇಡಿ. ಗೈಡ್ ಕರ್ವ್ ಆ ಸಮತಲವನ್ನು ಚುಚ್ಚುವ ಜಾಗವನ್ನು ಮೊದಲು ಪಡೆದು, ಅದನ್ನು ಸ್ಕೆಚ್‌ಗೆ ತಂದು, ಬಿಂದುವನ್ನು ಅದಕ್ಕೆ ನಿಬಂಧನೆ (ಕನ್‌ಸ್ಟ್ರೇಂಟ್) ಹಾಕಿ ಕಟ್ಟಿ. ಸಾಲಿಡ್‌ವರ್ಕ್ಸ್‌ನಲ್ಲಿ ಇದಕ್ಕಾಗಿಯೇ ‘ಪಿಯರ್ಸ್’ ಎಂಬ ನಿಬಂಧನೆಯಿದೆ. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದು, ಆದ್ದರಿಂದ ಈ ಹಂತ ಮುಗಿದ ಕೂಡಲೇ ಕಡತವನ್ನು ಉಳಿಸಿ.

ಈಗ ಐದು ಅಡ್ಡಕೊಯ್ತ, ಮೂರು ಗೈಡ್ ಕರ್ವ್ ಆಯ್ದು ‘ಗೋರ್ಡನ್ ಸರ್ಫೇಸ್’ ಒತ್ತಿ. ಜನರಲ್ ಮೋಟಾರ್ಸ್‌ನಲ್ಲಿದ್ದ ಗಣಿತಜ್ಞ ವಿಲಿಯಂ ಗೋರ್ಡನ್ ಅವರ ಹೆಸರು ಇದಕ್ಕೆ ಬಂದಿದೆ. ಅಡ್ಡಗೆರೆಗಳ ಮೇಲೆ ಒಂದು ಮೈ, ಉದ್ದಗೆರೆಗಳ ಮೇಲೆ ಒಂದು ಮೈ ಹಾಸಿ, ಎರಡನ್ನೂ ಕೂಡಿಸಿ, ಎರಡಕ್ಕೂ ಸಮಾನವಾದ ಸಂಧಿಬಿಂದುಗಳ ಮೈಯನ್ನು ಕಳೆಯುವುದು ಇದರ ಲೆಕ್ಕ. ಹಾಗಾಗಿಯೇ ಗೆರೆಗಳು ಸಂಧಿಸದಿದ್ದರೆ ಲೆಕ್ಕವೇ ನಿಲ್ಲುವುದಿಲ್ಲ.

ಮೈ ಮೂಡಿದ ಮೇಲೆ ಮಿರರ್ ಮಾಡಿ, ಮೈಯ ನಯ ಪರೀಕ್ಷಿಸುವ ಝೀಬ್ರಾ ಪಟ್ಟೆಗಳನ್ನು ಅದರ ಮೇಲೆ ಹಾಯಿಸಿ. ಉಜ್ಜಿದ ಹಿತ್ತಾಳೆ ತಂಬಿಗೆಯಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬ ನೋಡಿದಂತೆ ನೋಡಬೇಕು. ತಗ್ಗಿದ್ದಲ್ಲಿ ಬೆಳಕಿನ ಗೆರೆ ಸೊಟ್ಟಗಾಗುತ್ತದೆ. ಬೆನ್ನಿನ ಕೂಡುವಿಕೆಯಲ್ಲಿ ಪಟ್ಟೆ ತುಂಡಾಗಿ ಪಕ್ಕಕ್ಕೆ ಸರಿದರೆ ಅಲ್ಲಿ ಏಣು ಇದೆ. ಮೊನಚಾಗಿ ಮುರಿದರೆ ದಿಕ್ಕು ಸರಿಯಿದೆ, ಬಾಗು ಹೊಂದಿಲ್ಲ. ನಯವಾಗಿ ದಾಟಿದರೆ ಕೆಲಸ ಸರಿಯಾಗಿದೆ. ದೋಷ ಕಂಡರೆ ಮೈಯನ್ನು ತಿದ್ದಲು ಹೋಗಬೇಡಿ, ಗೆರೆಗೆ ಹಿಂದಿರುಗಿ. ಎರಡೂ ತುದಿಗಳನ್ನು ಮುಚ್ಚಿ, ಎಲ್ಲವನ್ನೂ ಹೊಲಿದು ಘನವಾಗಿಸಿದರೆ 3ಡಿ ಮುದ್ರಣಕ್ಕೆ ಸಿದ್ಧ.

ನನ್ನ ಮೊದಲ ಮುದ್ರಣವನ್ನು, ತೋಟದಲ್ಲಿ ಮೂವತ್ತು ವರ್ಷ ಕತ್ತಿ ಹಿಡಿದ ಹಿರಿಯರೊಬ್ಬರ ಕೈಗೆ ಕೊಟ್ಟೆ. ಅವರು ಎರಡು ಸಲ ಗಾಳಿಯಲ್ಲಿ ಬೀಸಿ, ಹೆಬ್ಬೆರಳನ್ನು ಹಿಂದೆ ಮುಂದೆ ಸರಿಸಿ, “ಇಲ್ಲಿ ತುಂಬಿಕೊಂಡಿದೆ, ಬೆರಳು ನಿಲ್ಲುವುದಿಲ್ಲ” ಎಂದರು. ಅವರು ತೋರಿಸಿದ ಜಾಗ, ಹಳೆಯ ಹಿಡಿಯಲ್ಲಿ ಸವೆದು ಹೊಳೆಯುತ್ತಿದ್ದ ಜಾಗವೇ. ಹೊರಗೆರೆಯ ಒಂದು ಬಿಂದುವನ್ನು ಒಂದೂವರೆ ಮಿಲಿಮೀಟರ್ ಒಳಕ್ಕೆ ಸರಿಸಿದೆ. ನಿಬಂಧನೆ ಹಾಕಿ ಕಟ್ಟಿದ್ದರಿಂದ ಅಡ್ಡಕೊಯ್ತಗಳೂ ಮೈಯೂ ಅದರ ಹಿಂದೆಯೇ ಬಂದವು. ಎರಡನೆಯ ಮುದ್ರಣ ಈಗ ಬಡಗಿಯ ಮೇಜಿನ ಮೇಲಿದೆ, ಬೀಟೆಯ ತುಂಡೊಂದರ ಪಕ್ಕದಲ್ಲಿ.